ಗೊರಗುಂಟೆಪಾಳ್ಯದಲ್ಲಿ ಯಾರೂ ಏಕೆ ನಿಲ್ಲಿಸಲಿಲ್ಲ?

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಬಸ್ಸು, ರೈಲು ಯಾವುದನ್ನೂ ಹಿಡಿಯದೆ ಲಿಫ್ಟ್ ಕೇಳಿಕೊಂಡೇ ಬೆಂಗಳೂರಿನಿಂದ ಹಂಪಿಗೆ ಹೋಗಬೇಕೆಂದು ಹೊರಟೆವು. ಶನಿವಾರ ಬೆಳಗ್ಗೆ ಒಂಬತ್ತು ಗಂಟೆಗೆ ಗೊರಗುಂಟೆಪಾಳ್ಯದಲ್ಲಿ ನಿಂತವರು ಹನ್ನೊಂದೂವರೆಯಾದರೂ ಅಲ್ಲಿಯೇ ಇದ್ದೆವು. ಹೆಬ್ಬೆರಳು ತೋರಿಸಿದೆವು, ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ‘ಹಂಪಿ’ ಎಂದು ಬರೆದು ಹಿಡಿದೆವು. ಒಬ್ಬ ಆಟೋದವರು ಮತ್ತು ಒಬ್ಬ ಟ್ಯಾಕ್ಸಿಯವರು ಮಾತ್ರ ನಿಲ್ಲಿಸಿದರು, ಇಬ್ಬರೂ ಹಣ ಕೇಳಿದರು. ಕೊನೆಗೆ ಬಸ್ಸನ್ನೇ ಹತ್ತಿದೆವು. ನಾವು ತಪ್ಪಿದ್ದೆಲ್ಲಿ? ಲಿಫ್ಟ್ ಕೇಳುವುದು ಕಾನೂನಿಗೆ ವಿರುದ್ಧವೇ? ಇನ್ನೊಮ್ಮೆ ಹೊರಡುವುದಾದರೆ ಹೇಗೆ ಹೊರಡಬೇಕು?

ಉತ್ತರ: ನಿಮ್ಮ ಮುಖದಲ್ಲಾಗಲಿ, ಚೀಲದಲ್ಲಾಗಲಿ, ಬೆಂಗಳೂರಿನ ಜನರ ಮನಸ್ಸಿನಲ್ಲಾಗಲಿ ದೋಷವೇನೂ ಇರಲಿಲ್ಲ. ನೀವು ನಿಂತ ಜಾಗವೇ ತಪ್ಪು. ಉತ್ತರ ಕರ್ನಾಟಕದ ಕಡೆಗೆ ಹೋಗುವ ಬಸ್ಸುಗಳೆಲ್ಲ ಗೊರಗುಂಟೆಪಾಳ್ಯದಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುವುದರಿಂದ ಅದೇ ಊರಿನ ಹೆಬ್ಬಾಗಿಲು ಎಂದು ನಿಮಗೆ ಅನ್ನಿಸಿದ್ದು ಸಹಜ. ಬಸ್ಸಿಗೆ ಕಾಯುವವನಿಗೆ ಅದು ಹೆಬ್ಬಾಗಿಲೇ ಹೌದು, ಏಕೆಂದರೆ ಬಸ್ಸಿನ ಹಣೆಯ ಮೇಲೆ ಅದು ಹೋಗುವ ಊರಿನ ಹೆಸರಿರುತ್ತದೆ ಮತ್ತು ನಿಲ್ಲುವುದೇ ಅದರ ಕೆಲಸ. ಲಿಫ್ಟ್ ಕೇಳುವವನಿಗೆ ಈ ಎರಡು ಅನುಕೂಲಗಳೂ ಇಲ್ಲ. ಅವನ ಮುಂದೆ ಹಾದುಹೋಗುವ ಗಾಡಿ ಎಲ್ಲಿಗೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ, ಅವನು ಎಲ್ಲಿಗೆ ಹೋಗಬೇಕು ಎಂಬುದು ಗಾಡಿಯವನಿಗೆ ಗೊತ್ತಿರುವುದಿಲ್ಲ, ಮತ್ತು ಇಬ್ಬರೂ ಒಪ್ಪಿದರೂ ಅಲ್ಲಿ ನಿಲ್ಲಿಸಲು ಸ್ಥಳವಿರುವುದಿಲ್ಲ.

ಸ್ಟಿಯರಿಂಗ್ ಹಿಂದೆ ಕುಳಿತವನ ಕಣ್ಣಿನಿಂದ ಆ ಜಾಗವನ್ನು ಒಮ್ಮೆ ನೋಡಿ. ಹೆಬ್ಬಾಳದ ಕಡೆಯಿಂದ ಬರುವ ಹೊರ ವರ್ತುಲ ರಸ್ತೆ, ಸುಮನಹಳ್ಳಿ ಮತ್ತು ಲಗ್ಗೆರೆಯ ಕಡೆಯಿಂದ ಬರುವ ಅದೇ ವರ್ತುಲ ರಸ್ತೆಯ ಇನ್ನೊಂದು ತುದಿ, ಯಶವಂತಪುರದಿಂದ ಬರುವ ತುಮಕೂರು ರಸ್ತೆ ಇವೆಲ್ಲವೂ ಅಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ಬೆಳಗ್ಗೆ ಒಂಬತ್ತಕ್ಕೆ ಅಲ್ಲಿ ಸಾಲುಗಟ್ಟಿ ನಿಂತಿರುವ ಗಾಡಿಗಳಲ್ಲಿ ಬಹುಪಾಲು ಪೀಣ್ಯಕ್ಕೋ ಜಾಲಹಳ್ಳಿಗೋ ದಾಸರಹಳ್ಳಿಗೋ ಕೆಲಸಕ್ಕೆ ಹೋಗುವವು. ದೂರದ ಊರಿಗೆ ಹೊರಟವರೋ ಸಿಗ್ನಲ್ ದಾಟಿದ ಕೂಡಲೇ ಪೀಣ್ಯದ ಮೇಲ್ಸೇತುವೆ ಹತ್ತಿ ನಾಗಸಂದ್ರದ ಕಡೆಗೆ ಹಾರುತ್ತಾರೆ. ಆ ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡುಬಂದು 2021ರ ಡಿಸೆಂಬರಿನಲ್ಲಿ ಮುಚ್ಚಿದ ಮೇಲೆ 2024ರ ಜುಲೈವರೆಗೂ ಲಾರಿಗಳೆಲ್ಲ ಕೆಳಗಿನ ರಸ್ತೆಯಲ್ಲೇ ತೆವಳುತ್ತಿದ್ದವು. ಆ ದಿನಗಳಲ್ಲಿ ದಾಸರಹಳ್ಳಿಯ ಬಳಿ ನಿಂತು ಲಾರಿಯವರನ್ನು ಮಾತನಾಡಿಸುವುದು ಸಾಧ್ಯವಿತ್ತು, ನಾನೂ ಮಾತನಾಡಿಸಿದ್ದೇನೆ. ಈಗ ಲಾರಿಗಳೂ ಮತ್ತೆ ಮೇಲಕ್ಕೆ ಹತ್ತಿರುವುದರಿಂದ ಕೆಳಗೆ ಉಳಿಯುವುದು ಊರೊಳಗಿನ ಸಂಚಾರ ಮಾತ್ರ. ಹೀಗಾಗಿ ನಿಮ್ಮನ್ನು ಕರೆದೊಯ್ಯಬಹುದಾಗಿದ್ದವರು ನಿಮ್ಮ ತಲೆಯ ಮೇಲಿನಿಂದ ಹೋಗಿದ್ದಾರೆ, ಕಣ್ಣೆದುರು ಹೋದವರಿಗೆ ನಿಮ್ಮ ಹಂಪಿಯ ಗೊಡವೆಯಿರಲಿಲ್ಲ.

ಇನ್ನು ನಿಲ್ಲಿಸುವ ಮನಸ್ಸಿದ್ದವನಿಗೆ ಬೇಕಾಗುವ ಸಮಯವನ್ನು ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ರಸ್ತೆಬದಿಯಲ್ಲಿ ಯಾರೋ ಇದ್ದಾರೆ ಎಂದು ಕಾಣಬೇಕು, ಅವರು ಬಸ್ಸಿಗೆ ಕಾಯುತ್ತಿಲ್ಲ, ಲಿಫ್ಟ್ ಕೇಳುತ್ತಿದ್ದಾರೆ ಎಂದು ತಿಳಿಯಬೇಕು, ನಂಬಬಹುದಾದವರೇ ಎಂದು ತೂಗಬೇಕು, ಹಿಂದಿನ ಗಾಡಿಯನ್ನು ಕನ್ನಡಿಯಲ್ಲಿ ನೋಡಬೇಕು, ಆಮೇಲೆ ಬ್ರೇಕ್ ಒತ್ತಬೇಕು. ಇಷ್ಟಕ್ಕೆ ಐದಾರು ಸೆಕೆಂಡಾದರೂ ಬೇಕು ಎಂದಿಟ್ಟುಕೊಂಡರೆ ಚಾಲಕನಿಗೆ ನೀವು ನೂರು ಮೀಟರ್ ದೂರದಿಂದಲೇ ಸ್ಪಷ್ಟವಾಗಿ ಕಾಣಬೇಕು ಎಂದಾಯಿತು. ನಿಮ್ಮನ್ನು ದಾಟಿದ ಮೇಲೆ ಮೂವತ್ತು ನಲವತ್ತು ಮೀಟರ್ ಉದ್ದಕ್ಕೆ ಗಾಡಿಯನ್ನು ಎಡಕ್ಕೆ ಸರಿಸಿ ನಿಲ್ಲಿಸುವಷ್ಟು ಅಂಚು ಬೇರೆ ಇರಬೇಕು. ಆಟೋ ನಿಲ್ದಾಣ, ಬಸ್ ತಂಗುದಾಣ, ಮೆಟ್ರೋ ಕಂಬ, ಎಳನೀರಿನ ಗಾಡಿ, ಪೊಲೀಸರ ಸೀಟಿ ಇವೆಲ್ಲದರ ನಡುವೆ ಗೊರಗುಂಟೆಪಾಳ್ಯದಲ್ಲಿ ನೀವು ಹತ್ತು ಮೀಟರ್ ದೂರದಿಂದಲೂ ಕಂಡಿರಲಾರಿರಿ. ಕಂಡವನು ನಿಲ್ಲಿಸಿದ್ದರೂ ಹಿಂದಿನವರ ಹಾರನ್ ಕೇಳಿ ಹೊರಟುಬಿಡುತ್ತಿದ್ದ.

ಆದ್ದರಿಂದ ನಾನು ಹೇಳುವ ಮಾತು ಒಂದೇ: ಊರೊಳಗೆ ಲಿಫ್ಟ್ ಕೇಳಬಾರದು, ಊರನ್ನು ಊರಿನ ಬಸ್ಸು ಮೆಟ್ರೋಗಳಿಂದಲೇ ದಾಟಿ, ಗಾಡಿಗಳು ತಮ್ಮ ತಮ್ಮ ದಾರಿಗೆ ಕವಲೊಡೆದ ಮೇಲೆ ಕೇಳಬೇಕು. ಇದು ಮೋಸ, ಶುದ್ಧ ಲಿಫ್ಟ್ ಪ್ರಯಾಣವಲ್ಲ ಎಂದು ವಾದಿಸುವ ಉತ್ಸಾಹಿಗಳಿದ್ದಾರೆ. ಅವರು ಎಲ್ಲಿಯಾದರೂ ಬೇಗ ತಲುಪಿದ್ದನ್ನು ನಾನು ನೋಡಿಲ್ಲ. ಕ್ಯೂಬಾ ದೇಶದಲ್ಲಿ 1990ರ ದಶಕದ ಇಂಧನ ಕೊರತೆಯ ಕಾಲದಲ್ಲಿ ಸರ್ಕಾರವೇ ಹಳದಿ ಸಮವಸ್ತ್ರದ ನೌಕರರನ್ನು ರಸ್ತೆಗಿಳಿಸಿ, ಸರ್ಕಾರಿ ವಾಹನಗಳನ್ನು ತಡೆದು ಖಾಲಿ ಜಾಗಕ್ಕೆ ಜನರನ್ನು ಹತ್ತಿಸುವ ವ್ಯವಸ್ಥೆ ಮಾಡಿತ್ತು. ಆ ನೌಕರರನ್ನು ನಿಲ್ಲಿಸಿದ್ದು ಹೆಚ್ಚಾಗಿ ಊರು ಮುಗಿದು ಹೆದ್ದಾರಿ ಶುರುವಾಗುವ ಕಡೆಗಳಲ್ಲಿ. ನಿಲ್ಲಿಸಲೇಬೇಕೆಂಬ ನಿಯಮವಿದ್ದವರಿಗೂ ಅಂಥ ಜಾಗ ಬೇಕಾಯಿತು ಎಂದಮೇಲೆ ದಯೆಯಿಂದ ನಿಲ್ಲಿಸುವವರಿಗೆ ಬೇಡವೇ?

ನಿಮ್ಮ ದಾರಿಗೆ ಇದನ್ನು ಅನ್ವಯಿಸೋಣ. ನಮ್ಮ ಮೆಟ್ರೋದ ಹಸಿರು ಮಾರ್ಗ 2024ರ ನವೆಂಬರಿನಿಂದ ನಾಗಸಂದ್ರದಾಚೆ ಮಾದಾವರದವರೆಗೆ ಓಡುತ್ತಿದೆ. ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ನೀವು ಎರಡೂವರೆ ಗಂಟೆ ಕಳೆದ ಜಾಗವನ್ನು ಮೇಲಿನಿಂದ ನೋಡುತ್ತ ದಾಟುತ್ತೀರಿ. ಮಾದಾವರದ ಬಳಿ ನೈಸ್ ರಸ್ತೆಯೂ ಬಂದು ಸೇರುತ್ತದೆ, ಹಾಗಾಗಿ ದಕ್ಷಿಣ ಬೆಂಗಳೂರಿನಿಂದ ಹೊರಟವರೂ ಅಲ್ಲಿಂದ ಮುಂದೆ ಸಿಗುತ್ತಾರೆ. ಆದರೆ ಅಲ್ಲಿಯೂ ಇಳಿದು ಕೈ ತೋರಿಸಬೇಡಿ. ಮುಂದೆ ನೆಲಮಂಗಲದಲ್ಲಿ ರಾಷ್ಟ್ರೀಯ ಹೆದ್ದಾರಿ 75 ಎಡಕ್ಕೆ ಒಡೆದು ಕುಣಿಗಲ್, ಹಾಸನ, ಮಂಗಳೂರಿನ ಕಡೆಗೆ ಹೋಗುತ್ತದೆ, 48 ನೇರವಾಗಿ ತುಮಕೂರು, ಚಿತ್ರದುರ್ಗಗಳ ಕಡೆಗೆ ಹೋಗುತ್ತದೆ. ಆ ಕವಲಿಗೆ ಮೊದಲು ನಿಂತರೆ ನಿಮ್ಮ ಮುಂದೆ ಹಾಯುವ ಗಾಡಿಗಳಲ್ಲಿ ಒಂದು ದೊಡ್ಡ ಪಾಲು ಧರ್ಮಸ್ಥಳಕ್ಕೋ ಸಕಲೇಶಪುರಕ್ಕೋ ಹೊರಟವು. ಕವಲು ದಾಟಿದ ಮೇಲೆ ಬರುವ ಪ್ರತಿಯೊಂದು ಗಾಡಿಯೂ ಕೊನೆಯ ಪಕ್ಷ ದಾಬಸ್‌ಪೇಟೆಯ ದಿಕ್ಕಿನದು.

ಹೀಗಾಗಿ ಮಾದಾವರದಿಂದ ನೆಲಮಂಗಲಕ್ಕೋ, ಒಂದೇ ಏಟಿಗೆ ದಾಬಸ್‌ಪೇಟೆಗೋ ಬಸ್ಸು ಹಿಡಿಯಿರಿ. ನನ್ನ ಆಯ್ಕೆ ದಾಬಸ್‌ಪೇಟೆ. ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ಆ ಊರಿನಲ್ಲಿ ಶಿವಗಂಗೆಯ ದಾರಿ ಒಂದು ಕಡೆಗೆ, ದೊಡ್ಡಬಳ್ಳಾಪುರದ ದಾರಿ ಇನ್ನೊಂದು ಕಡೆಗೆ ಒಡೆಯುವುದರಿಂದ ಗಾಡಿಗಳ ವೇಗ ತಾನಾಗಿ ತಗ್ಗುತ್ತದೆ. ಹೊಸಕೋಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಬರುವ ಉಪನಗರ ವರ್ತುಲ ರಸ್ತೆಯ ಲಾರಿಗಳು, ಅಂದರೆ ಬೆಂಗಳೂರನ್ನು ಮುಟ್ಟದೆಯೇ ಸುತ್ತಿ ಹೋಗುವ ಲಾರಿಗಳು, ಇಲ್ಲಿ ನಿಮ್ಮ ಹೆದ್ದಾರಿಯನ್ನು ಸೇರುತ್ತವೆ. ಊರು ಮುಗಿದು, ಸರ್ವಿಸ್ ರಸ್ತೆಯಿಂದ ಗಾಡಿಗಳು ಮುಖ್ಯ ರಸ್ತೆಗೆ ಹತ್ತುವ ಕಡೆ, ಅವು ಇನ್ನೂ ಮೂರನೇ ಗೇರಿನಲ್ಲಿರುವಾಗ ನಿಮ್ಮನ್ನು ಕಾಣುವಂತೆ ಸರ್ವಿಸ್ ರಸ್ತೆಯ ಅಂಚಿನಲ್ಲೇ ನಿಲ್ಲಬೇಕು, ಮುಖ್ಯ ರಸ್ತೆಯ ಮೇಲೆ ಕಾಲಿಡಬಾರದು. ಏರಿನಲ್ಲಿ ನಿಲ್ಲುವುದೂ ವ್ಯರ್ಥ, ಏಕೆಂದರೆ ಲೋಡು ಹೊತ್ತ ಲಾರಿ ಏರಿನಲ್ಲಿ ನಿಂತರೆ ಮತ್ತೆ ಮೊದಲ ಗೇರಿನಿಂದ ಎಳೆಯಬೇಕು. ಅದರ ಡೀಸೆಲ್ ಲೆಕ್ಕ ನಿಮಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಟೋಲ್ ಬಗ್ಗೆ ಹಳೆಯ ಪ್ರವಾಸಿಗರು ಕೊಡುವ ಸಲಹೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಚಿಲ್ಲರೆಗಾಗಿ ಗಾಡಿಗಳು ಸಾಲಿನಲ್ಲಿ ನಿಲ್ಲುತ್ತಿದ್ದಾಗ ಕಿಟಕಿಯ ಬಳಿ ಹೋಗಿ ಎರಡು ಮಾತಾಡಬಹುದಾಗಿತ್ತು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಆ ಬಿಡುವು ಹೋಯಿತು. ಈಗ ಟೋಲಿನ ಸಾಲುಗಳ ಮಧ್ಯೆ ನುಸುಳುವುದು ಅಪಾಯಕರ, ಅಲ್ಲಿನ ಸಿಬ್ಬಂದಿಯೂ ಸುಮ್ಮನೆ ಬಿಡುವುದಿಲ್ಲ. ಆದರೆ ಟೋಲ್ ದಾಟಿದ ಮೇಲೆ ಎಡಬದಿಯಲ್ಲಿ ಶೌಚಾಲಯ ಮತ್ತು ಚಹಾದಂಗಡಿಗಳ ಮುಂದೆ ಲಾರಿಗಳು ನಿಂತಿರುತ್ತವೆ. ನೆಲಮಂಗಲ ಮತ್ತು ದಾಬಸ್‌ಪೇಟೆಗಳ ನಡುವಿನ ಕುಲುಮೆಪಾಳ್ಯದ ಟೋಲಿನಲ್ಲಿ ನಾನು ಹೀಗೆ ಎರಡು ಬಾರಿ ಲಿಫ್ಟ್ ಪಡೆದಿದ್ದೇನೆ. ಓಡುವ ಗಾಡಿಗೆ ಕೈ ತೋರಿಸುವುದಕ್ಕಿಂತ ನಿಂತ ಗಾಡಿಯ ಚಾಲಕನನ್ನು ಮಾತನಾಡಿಸುವುದು ಯಾವಾಗಲೂ ಮೇಲು, ಏಕೆಂದರೆ ಅವನು ನಿಮ್ಮನ್ನು ನೋಡುವಂತೆಯೇ ನೀವೂ ಅವನನ್ನು ನೋಡಬಹುದು, ಬಾಯಿ ವಾಸನೆಯನ್ನೂ ಸೇರಿಸಿ.

ನಿಂತ ಜಾಗ ಸರಿಯಾದ ಮೇಲೆ ಕಲಿಯಬೇಕಾದದ್ದು ನಂಬರ್ ಪ್ಲೇಟ್ ಓದುವುದು. ಕೆಎ 35 ಎಂದರೆ ಹೊಸಪೇಟೆ, 37 ಕೊಪ್ಪಳ, 34 ಬಳ್ಳಾರಿ, 36 ರಾಯಚೂರು, 16 ಚಿತ್ರದುರ್ಗ, 17 ದಾವಣಗೆರೆ, 25 ಧಾರವಾಡ, 63 ಹುಬ್ಬಳ್ಳಿ. ಬೆಂಗಳೂರಿಗೆ ಬೆನ್ನು ಹಾಕಿ ಬರುತ್ತಿರುವ 35ರ ಪಿಕಪ್ ಎಂದರೆ ಬಹುಮಟ್ಟಿಗೆ ಮನೆಗೆ ಮರಳುತ್ತಿರುವ ಗಾಡಿ. ಅದಕ್ಕೆ ಎರಡೂ ಕೈ ಎತ್ತಿದರೂ ತಪ್ಪಿಲ್ಲ. ಕೆಎ 52 ನೆಲಮಂಗಲದ್ದು, 06 ತುಮಕೂರಿನದು. ಇವು ಸ್ವಲ್ಪ ದೂರ ಹೋಗಿ ನಿಲ್ಲುವವು. 44 ತಿಪಟೂರು ಮತ್ತು 14 ಶಿವಮೊಗ್ಗದ ಗಾಡಿಗಳು ತುಮಕೂರಿನಲ್ಲೇ ಎಡಕ್ಕೆ ತಿರುಗುತ್ತವೆ. ಬಳ್ಳಾರಿಯ ಗಾಡಿ ನಿಮಗೆ ಹತ್ತಿರದ್ದೆಂದು ಕಂಡರೂ ಅದು ಹಿರಿಯೂರಿನಲ್ಲಿ ಬಲಕ್ಕೆ ಹೊರಳಿ ಚಳ್ಳಕೆರೆಯ ಮೇಲೆ ಹೋಗಬಹುದು, ಆದ್ದರಿಂದ ಹತ್ತುವ ಮೊದಲೇ ಕೇಳಬೇಕು. ಮಹಾರಾಷ್ಟ್ರದ ಎಂಎಚ್ ಲಾರಿಗಳು ಚಿತ್ರದುರ್ಗದವರೆಗೆ ನಿಮ್ಮವೇ, ಅಲ್ಲಿಂದ ಅವುಗಳಲ್ಲಿ ಹೆಚ್ಚಿನವು ದಾವಣಗೆರೆಯ ಹಾದಿ ಹಿಡಿಯುತ್ತವೆ. ಬೆಂಗಳೂರಿನ 01ರಿಂದ 05ರವರೆಗಿನ ಪ್ಲೇಟುಗಳಿಂದ ಏನೂ ತಿಳಿಯುವುದಿಲ್ಲ. ಅವರನ್ನು ಅದೃಷ್ಟಕ್ಕೆ ಬಿಡಬೇಕು.

ಸಮಯದ ವಿಷಯದಲ್ಲಿಯೂ ನೀವು ಎಡವಿದ್ದೀರಿ. ನಗರದೊಳಗೆ ದಟ್ಟಣೆಯ ಹೊತ್ತಿನಲ್ಲಿ ಭಾರಿ ಸರಕು ವಾಹನಗಳಿಗೆ ಪ್ರವೇಶವಿಲ್ಲದ ಕಾರಣ ಅವು ರಾತ್ರಿ ಬಂದು ಸರಕು ಇಳಿಸಿ ಬೆಳಕು ಹರಿಯುವ ಮುನ್ನವೇ ಹೊರಬೀಳುತ್ತವೆ. ಅವುಗಳ ಚಾಲಕರು ಆರು ಆರೂವರೆಗೆ ನೆಲಮಂಗಲದಾಚೆ ಚಹಾ ಕುಡಿಯುತ್ತಿರುತ್ತಾರೆ. ಊರಿಗೆ ಹೊರಟ ಕಾರಿನವರೂ ದಟ್ಟಣೆ ತಪ್ಪಿಸಲು ಐದರಿಂದ ಏಳರೊಳಗೆ ಹೊರಡುತ್ತಾರೆ. ಒಂಬತ್ತಕ್ಕೆ ರಸ್ತೆಯಲ್ಲಿ ಉಳಿಯುವುದು ಕಚೇರಿಯ ಜನ. ಶುಕ್ರವಾರ ಸಂಜೆ ಮತ್ತು ಹಬ್ಬದ ಹಿಂದಿನ ದಿನ ಇಡೀ ಊರೇ ತುಮಕೂರು ರಸ್ತೆಯಲ್ಲಿರುತ್ತದೆ, ಆದರೆ ಪ್ರತಿ ಕಾರಿನಲ್ಲೂ ಅಜ್ಜಿ, ಮಕ್ಕಳು, ಸೂಟ್‌ಕೇಸು, ಹಣ್ಣಿನ ಬುಟ್ಟಿ ತುಂಬಿಕೊಂಡು ನಿಮಗೆ ಜಾಗವಿರುವುದಿಲ್ಲ. ಮಂಗಳವಾರ, ಬುಧವಾರದಂಥ ಬರಿಯ ವಾರದ ದಿನಗಳೇ ಒಳ್ಳೆಯವು. ಭಾನುವಾರ ಮೆಟ್ರೋ ತಡವಾಗಿ ಶುರುವಾಗುವುದನ್ನೂ ನೆನಪಿಟ್ಟುಕೊಳ್ಳಿ. ಕತ್ತಲಾದ ಮೇಲೆ ರಸ್ತೆಬದಿಯಲ್ಲಿ ನಿಂತು ಕೈ ತೋರಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಆಗ ಯಾರೂ ನಿಲ್ಲಿಸುವುದಿಲ್ಲ, ಬದಲಿಗೆ ಯಾರಾದರೂ ಗುದ್ದಿಕೊಂಡು ಹೋಗುವ ಸಾಧ್ಯತೆಯೇ ಹೆಚ್ಚು.

ಯಾವ ಗಾಡಿ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ದೂರದಿಂದಲೇ ಹೇಳಬಹುದು. ದೊಡ್ಡ ಕಂಪನಿಗಳ ಕಂಟೇನರ್ ಲಾರಿಗಳಲ್ಲಿ ಜಿಪಿಎಸ್ ಇರುತ್ತದೆ, ಕೆಲವದರಲ್ಲಿ ಕ್ಯಾಬಿನ್ ಒಳಗೆ ಕ್ಯಾಮೆರಾ ಕೂಡ ಇರುತ್ತದೆ. ಹೊರಗಿನವರನ್ನು ಹತ್ತಿಸಿದರೆ ಚಾಲಕನ ಕೆಲಸಕ್ಕೇ ಕುತ್ತು, ಅವನ ಮೇಲೆ ಮುನಿಯುವುದರಲ್ಲಿ ಅರ್ಥವಿಲ್ಲ. ಬಂಪರಿನ ಮೇಲೆ ಮಕ್ಕಳ ಹೆಸರು ಬರೆಸಿ, ಗಾಜಿನ ಮೇಲೆ ದೇವರ ಪಟ ಅಂಟಿಸಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿರುವ ಲಾರಿಯಾದರೆ ಚಾಲಕನೇ ಮಾಲೀಕನಾಗಿರುವುದು ಅಥವಾ ಮಾಲೀಕ ಅವನ ಊರಿನವನೇ ಆಗಿರುವುದು ಹೆಚ್ಚು. ತರಕಾರಿ ಇಳಿಸಿ ಖಾಲಿ ಕ್ರೇಟುಗಳೊಂದಿಗೆ ಮರಳುವ ಕ್ಯಾಂಟರ್ ಮತ್ತು ಬೊಲೆರೊ ಪಿಕಪ್‌ಗಳು ಬೆಳಗಿನ ಹೊತ್ತಿನಲ್ಲಿ ಅತಿ ಸುಲಭವಾಗಿ ನಿಲ್ಲುತ್ತವೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಚಾಲಕನಿಗೆ ಮಾತಿಗೊಂದು ಜೊತೆ ಬೇಕಾಗಿರುತ್ತದೆ, ಅವನು ನಿಮ್ಮನ್ನು ಹತ್ತಿಸಿಕೊಳ್ಳಲು ಅದೇ ಕಾರಣ. ಹತ್ತಿ ಕುಳಿತು ನೀವೇ ತೂಕಡಿಸತೊಡಗಿದರೆ ಆ ತೂಕಡಿಕೆ ಅವನಿಗೂ ಅಂಟುತ್ತದೆ, ಆದ್ದರಿಂದ ಎಚ್ಚರವಾಗಿರುವುದು ಮರ್ಯಾದೆಯೂ ಹೌದು, ಪ್ರಾಣರಕ್ಷಣೆಯೂ ಹೌದು.

ಹೆಬ್ಬೆರಳು ನಮ್ಮ ರಸ್ತೆಗಳ ಭಾಷೆಯಲ್ಲ. ಲಾರಿಯವನಿಗೆ ಅದು ‘ಎಲ್ಲ ಸರಿಯಾಗಿದೆ, ಹೋಗು’ ಎಂಬಂತೆ ಕಾಣಬಹುದು. ಅಂಗೈಯನ್ನು ಕೆಳಮುಖವಾಗಿ ಚಾಚಿ ನಿಧಾನಕ್ಕೆ ಮೇಲೆ ಕೆಳಗೆ ಆಡಿಸುವುದು, ಅಂದರೆ ಹಳ್ಳಿಯಲ್ಲಿ ಬಸ್ಸಿಗೆ ಕೈ ಮಾಡುವ ರೀತಿಯೇ, ಎಲ್ಲರಿಗೂ ಅರ್ಥವಾಗುತ್ತದೆ. ಫಲಕದ ಮೇಲೆ ‘ಹಂಪಿ’ ಎಂದು ಬರೆದದ್ದು ಇನ್ನೊಂದು ತಪ್ಪು. ಹಂಪಿಗೆ ಹೋಗುವವರು ಕೆಲವರೇ, ಆ ಹೆಸರು ನೋಡಿದ ಚಿತ್ರದುರ್ಗದವನು ಇವರು ನನಗಲ್ಲ ಎಂದುಕೊಂಡು ಮುಂದೆ ಹೋಗುತ್ತಾನೆ. ‘ಚಿತ್ರದುರ್ಗ’ ಎಂದು ಅಂಗೈ ಅಗಲದ ಕನ್ನಡ ಅಕ್ಷರಗಳಲ್ಲಿ ಬರೆಯಿರಿ. ಕಾರಿನವರಿಗೆ ಫಲಕ, ಲಾರಿಯವರಿಗೆ ಬಾಯಿ. ತಮಿಳುನಾಡು, ರಾಜಸ್ಥಾನಗಳ ಚಾಲಕರಿಗೆ ಕನ್ನಡ ಓದಲು ಬಾರದಿದ್ದರೂ ‘ದುರ್ಗ?’ ಎಂದು ಕೇಳಿದರೆ ಸಾಕು. ಒಮ್ಮೆ ದಾಬಸ್‌ಪೇಟೆಯ ಹೊರಗೆ ನಾನು ಹೀಗೆ ಫಲಕ ಹಿಡಿದು ನಿಂತಿದ್ದಾಗ ಈರುಳ್ಳಿ ಚೀಲದ ವಾಸನೆ ಹೊಡೆಯುವ ಕ್ಯಾಂಟರೊಂದು ನಿಂತಿತು. ಕ್ಲೀನರ್ ಹುಡುಗ ಬಾಗಿಲು ತೆರೆದು, ನನ್ನ ಮುಖವನ್ನಲ್ಲ, ಫಲಕವನ್ನು ನೋಡಿ ನಕ್ಕ. ‘ಸಾರ್, ದುರ್ಗದಾಗ ಎಲ್ಲಿ? ಬೈಪಾಸೋ, ಒಳಗೋ?’ ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಹಣದ ವಿಷಯ. ಆಟೋದವರೂ ಟ್ಯಾಕ್ಸಿಯವರೂ ದುಡ್ಡು ಕೇಳಿದ್ದಕ್ಕೆ ನೀವು ಬೇಸರಪಟ್ಟಂತಿದೆ. ನಮ್ಮಲ್ಲಿ ಲಾರಿ ಹತ್ತಿದವನು ಬಸ್ಸಿನ ಚಾರ್ಜಿನಷ್ಟೋ ಅದಕ್ಕಿಂತ ತುಸು ಕಡಿಮೆಯೋ ಕೊಟ್ಟು ಇಳಿಯುವುದು ಬಹುಕಾಲದ ರೂಢಿ, ವಿಮಾನ ನಿಲ್ದಾಣಕ್ಕೆ ಗಿರಾಕಿಯನ್ನು ಬಿಟ್ಟು ಊರಿಗೆ ಖಾಲಿ ಮರಳುವ ಹಳದಿ ಬೋರ್ಡಿನ ಕಾರಿನವರು ಸೀಟು ಲೆಕ್ಕದಲ್ಲಿ ಜನ ಹತ್ತಿಸಿಕೊಳ್ಳುವುದೂ ಹಾಗೆಯೇ. ನೀವು ಉಚಿತವೆಂದೂ ಅವರು ಬಾಡಿಗೆಯೆಂದೂ ತಿಳಿದು ಹೊರಟರೆ ಇಳಿಯುವಾಗ ಜಗಳವಾಗುತ್ತದೆ. ಬಾಗಿಲಿಗೆ ಕೈ ಹಾಕುವ ಮೊದಲೇ ‘ಅಣ್ಣಾ, ದುಡ್ಡು ಕೊಟ್ಟು ಹೋಗುವವರಲ್ಲ ನಾವು, ಸುಮ್ಮನೆ ಲಿಫ್ಟ್ ಕೇಳುತ್ತಿದ್ದೇವೆ’ ಎಂದು ಸ್ಪಷ್ಟವಾಗಿ ಹೇಳಿಬಿಡಿ. ಒಪ್ಪಿ ಹತ್ತಿಸಿಕೊಂಡವನಿಗೆ ಸಿರಾದಲ್ಲೋ ಹಿರಿಯೂರಿನಲ್ಲೋ ತಿಂಡಿ, ಚಹಾದ ಬಿಲ್ಲನ್ನು ನೀವು ಕೊಡಿ.

ಈ ಮಾತು ಕಾನೂನಿಗೂ ನೇರವಾಗಿ ಸಂಬಂಧಿಸಿದೆ. ಸ್ವಂತ ಬಳಕೆಯ ಬಿಳಿ ಬೋರ್ಡಿನ ಕಾರಿನಲ್ಲಿ ಒಬ್ಬರನ್ನು ಉಚಿತವಾಗಿ ಕರೆದೊಯ್ಯುವುದನ್ನು 1988ರ ಮೋಟಾರು ವಾಹನ ಕಾಯ್ದೆ ನಿಷೇಧಿಸುವುದಿಲ್ಲ. ಬಾಡಿಗೆಗೋ ಪ್ರತಿಫಲಕ್ಕೋ ಜನರನ್ನು ಸಾಗಿಸಿದರೆ ಆ ಕಾಯ್ದೆಯ 66ನೇ ಕಲಮಿನ ಪ್ರಕಾರ ಪರ್ಮಿಟ್ ಬೇಕು, ಇಲ್ಲದಿದ್ದರೆ 192-ಎ ಕಲಮಿನಡಿ 2019ರ ತಿದ್ದುಪಡಿಯ ನಂತರ 10,000 ರೂಪಾಯಿ ದಂಡವಿದೆ. ಉಚಿತವೋ ಅಲ್ಲವೋ ಎಂಬುದನ್ನು ರಸ್ತೆಯಲ್ಲಿ ನಿಂತು ತೀರ್ಮಾನಿಸುವುದು ಪೊಲೀಸರಿಗೂ ಕಷ್ಟ. 2018ರಲ್ಲಿ ನವಿ ಮುಂಬಯಿಯ ಐರೋಲಿಯಲ್ಲಿ ಮಳೆಯಲ್ಲಿ ನಿಂತಿದ್ದವರನ್ನು ಹತ್ತಿಸಿಕೊಂಡ ಕಾರು ಮಾಲೀಕರೊಬ್ಬರು ಇದೇ 66ನೇ ಕಲಮಿನಡಿ ದಂಡ ತೆತ್ತದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಆದ್ದರಿಂದ ನಿಮ್ಮನ್ನು ಕರೆದೊಯ್ಯುವವರ ಕೈಗೆ ಪೊಲೀಸರ ಕಣ್ಣೆದುರು ನೋಟು ತುರುಕಬೇಡಿ, ಅದು ಉಪಕಾರಕ್ಕೆ ಅಪಕಾರ ಮಾಡಿದಂತೆ.

ದಂಡಕ್ಕಿಂತ ಗಂಭೀರವಾದದ್ದು ವಿಮೆ. ಇದನ್ನು ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಸರಕು ಸಾಗಿಸುವ ವಾಹನದಲ್ಲಿ ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ 1994ರ ತಿದ್ದುಪಡಿಯ ನಂತರ ಕಡ್ಡಾಯ ವಿಮೆಯ ರಕ್ಷಣೆಯಿದೆ. ಸುಮ್ಮನೆ ಹತ್ತಿದ ಪ್ರಯಾಣಿಕನಿಗೆ ಅದು ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ಹೇಳಿದೆ. ಅಂದರೆ ಲಾರಿ ಅಪಘಾತಕ್ಕೀಡಾದರೆ ಪರಿಹಾರವನ್ನು ವಿಮಾ ಕಂಪನಿ ಕೊಡಬೇಕಾಗಿಲ್ಲ. ನಿಮ್ಮ ಮನೆಯವರು ಲಾರಿ ಮಾಲೀಕನ ಹಿಂದೆ ಅಲೆಯಬೇಕು. ಬೈಕಿನ ಹಿಂಬದಿ ಸವಾರನ ವಿಷಯದಲ್ಲಿಯೂ ಬರಿಯ ಥರ್ಡ್ ಪಾರ್ಟಿ ಪಾಲಿಸಿ ಸಾಲದು ಎಂದು 2006ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ಪ್ಯಾಕೇಜ್ ಪಾಲಿಸಿ, ಅಂದರೆ ವಾಹನದ ಸ್ವಂತ ಹಾನಿಯನ್ನೂ ಒಳಗೊಂಡ ಸಮಗ್ರ ಪಾಲಿಸಿ, ಇದ್ದರೆ ಕಾರಿನಲ್ಲಿ ಕುಳಿತವರಿಗೂ ಹಿಂಬದಿ ಸವಾರನಿಗೂ ರಕ್ಷಣೆಯುಂಟೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸ್ಪಷ್ಟಪಡಿಸಿದೆ. ಹತ್ತುವಾಗ ಪಾಲಿಸಿ ತೋರಿಸಿ ಎನ್ನಲಾಗುವುದಿಲ್ಲ. ಹಾಗಾಗಿ ನಿಮ್ಮದೇ ಒಂದು ವೈಯಕ್ತಿಕ ಅಪಘಾತ ವಿಮೆ ಮಾಡಿಸಿಕೊಂಡು ಹೊರಡುವುದು ಬುದ್ಧಿವಂತಿಕೆ. ಬೈಕಿನಲ್ಲಿ ಲಿಫ್ಟ್ ಪಡೆಯುವ ಯೋಚನೆಯಿದ್ದರೆ ನಿಮ್ಮ ಚೀಲಕ್ಕೆ ಹೆಲ್ಮೆಟ್ಟೊಂದು ನೇತಾಡುತ್ತಿರಲಿ, ನಮ್ಮ ರಾಜ್ಯದಲ್ಲಿ 2016ರಿಂದ ಹಿಂಬದಿ ಸವಾರನಿಗೂ ಅದು ಕಡ್ಡಾಯ. ಲಾರಿಯಾದರೆ ಕ್ಯಾಬಿನ್‌ನಲ್ಲಿ ಜಾಗವಿದ್ದರೆ ಮಾತ್ರ ಹತ್ತಬೇಕು, ಹಿಂದೆ ಸರಕಿನ ಮೇಲೆ ಟಾರ್ಪಾಲಿನಲ್ಲಿ ಕುಳಿತುಕೊಳ್ಳಿ ಎಂದರೆ ಕೈಮುಗಿದು ಬಿಡಬೇಕು.

ನೀವು ಇಬ್ಬರು ಗಂಡಸರು. ಒಬ್ಬನಿಗಿಂತ ಇಬ್ಬರಿಗೆ ಕಾಯುವಿಕೆ ಹೆಚ್ಚು, ಮೂವರಾದರೆ ಆಸೆ ಬಿಡಬೇಕು. ಹೆಣ್ಣುಮಕ್ಕಳು ಒಂಟಿಯಾಗಿ ಬೆಂಗಳೂರಿನಿಂದ ಹೀಗೆ ಹೊರಡಬಹುದೇ ಎಂದು ಬೇರೆ ಓದುಗರೂ ಕೇಳಿದ್ದಾರೆ. ಹೊರಟವರಿದ್ದಾರೆ, ಸುರಕ್ಷಿತವಾಗಿ ಬಂದವರೂ ಇದ್ದಾರೆ, ಆದರೂ ನಾನು ಸಲಹೆ ಮಾಡುವುದಿಲ್ಲ. ಜೊತೆಗೊಬ್ಬರಿದ್ದರೆ, ಹಗಲಿದ್ದರೆ, ಕುಟುಂಬವಿರುವ ಕಾರಾದರೆ ಅದು ಬೇರೆ ಮಾತು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದಿರುವುದರಿಂದ, ಮನಸ್ಸಿಗೆ ಒಗ್ಗದ ಗಾಡಿಯನ್ನು ಬಿಟ್ಟು ಮುಂದಿನ ಬಸ್ಸಿಗೆ ಕೈ ಮಾಡಲು ಅವರಿಗೆ ಹಿಂಜರಿಕೆಯೂ ಬೇಕಿಲ್ಲ. ಗಂಡಸರಿಗೂ ಹೆಂಗಸರಿಗೂ ಸಮಾನವಾದ ಕೆಲವು ಅಭ್ಯಾಸಗಳಿವೆ. ಹತ್ತುವ ಮೊದಲು ನಂಬರ್ ಪ್ಲೇಟಿನ ಫೋಟೋ ತೆಗೆದು ಮನೆಯವರಿಗೆ ಕಳಿಸಬೇಕು. ಅದನ್ನು ಕದ್ದು ಮಾಡಬಾರದು, ‘ಮನೆಯಲ್ಲಿ ಕಾಯುತ್ತಿರುತ್ತಾರೆ ಅಣ್ಣಾ, ಒಂದು ಫೋಟೋ ಕಳಿಸುತ್ತೇನೆ’ ಎಂದು ಹೇಳಿಯೇ ಮಾಡಬೇಕು. ಅದಕ್ಕೆ ಸಿಡುಕುವವನ ಗಾಡಿ ನಿಮಗೆ ಬೇಡ. ಚೀಲವನ್ನು ಡಿಕ್ಕಿಯಲ್ಲಿಡದೆ ಕಾಲ ಬಳಿಯೇ ಇಟ್ಟುಕೊಳ್ಳಬೇಕು, ಇಳಿಯಬೇಕೆನಿಸಿದಾಗ ಅದಕ್ಕಾಗಿ ಬೇಡುವಂತಾಗಬಾರದು. ಬೇಡವೆನಿಸಿದರೆ ಕಾರಣ ಹೇಳುವ ಅಗತ್ಯವಿಲ್ಲ. ‘ವಾಂತಿ ಬರುತ್ತಿದೆ’ ಎಂದರೆ ಎಂಥ ಚಾಲಕನೂ ಬ್ರೇಕ್ ಒತ್ತುತ್ತಾನೆ. ತುರ್ತಿಗೆ 112 ಇದೆ.

ಬೇರೆ ದಿಕ್ಕಿಗೆ ಹೊರಡುವವರಿಗೂ ಇದೇ ಲೆಕ್ಕ. ಹೊಸೂರಿನ ಕಡೆಗಾದರೆ 2025ರ ಆಗಸ್ಟಿನಿಂದ ಓಡುತ್ತಿರುವ ಹಳದಿ ಮಾರ್ಗದಲ್ಲಿ ಬೊಮ್ಮಸಂದ್ರಕ್ಕೆ ಹೋಗಿ ಅಲ್ಲಿಂದ ಅತ್ತಿಬೆಲೆಯಾಚೆ ನಿಲ್ಲಬೇಕು, ಕೋಲಾರದ ಕಡೆಗೆ ಹೊಸಕೋಟೆಯಾಚೆ, ಹೈದರಾಬಾದಿನ ಕಡೆಗೆ ದೇವನಹಳ್ಳಿಯಾಚೆ. ವಿಮಾನ ನಿಲ್ದಾಣಕ್ಕೆ ಮೊದಲು ನಿಂತರೆ ಸಿಗುವುದು ಅಲ್ಲಿಗೇ ಹೊರಟ ಟ್ಯಾಕ್ಸಿಗಳು. ಮೈಸೂರಿನ ದಾರಿ ಮಾತ್ರ ಈಗ ಕೆಟ್ಟಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬದಿಗೆ ಬಿಟ್ಟು ಹೋಗುತ್ತದೆ. ಅದೇ ವರ್ಷದ ಆಗಸ್ಟಿನಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೂ ಪ್ರವೇಶವಿಲ್ಲ. ಅಲ್ಲಿ ನಡೆದು ಹೋಗುವುದೂ ಗಾಡಿ ನಿಲ್ಲಿಸುವುದೂ ಅಪಾಯ. ಚಲ್ಲಘಟ್ಟದವರೆಗೆ ಮೆಟ್ರೋದಲ್ಲಿ ಹೋಗಿ ಸರ್ವಿಸ್ ರಸ್ತೆಯಲ್ಲಿ ಊರಿಂದೂರಿಗೆ ತುಂಡು ತುಂಡಾಗಿ ಹೋಗುವ ತಾಳ್ಮೆಯಿದ್ದರೆ ಪ್ರಯತ್ನಿಸಬಹುದು. ನಾನಾಗಿದ್ದರೆ ರೈಲು ಹತ್ತುತ್ತಿದ್ದೆ.

ಈಗ ಆ ಕ್ಲೀನರ್ ಹುಡುಗನ ಪ್ರಶ್ನೆ. ರಾಷ್ಟ್ರೀಯ ಹೆದ್ದಾರಿ 48 ಚಿತ್ರದುರ್ಗದ ಒಳಗೆ ಹೋಗುವುದಿಲ್ಲ. ಊರನ್ನು ಬಳಸಿ ಹೋಗುತ್ತದೆ. ‘ದುರ್ಗ’ ಎಂದಷ್ಟೇ ಹೇಳಿ ಹತ್ತಿದರೆ ಹುಬ್ಬಳ್ಳಿಗೆ ಹೊರಟ ಲಾರಿಯವನು ನಿಮ್ಮನ್ನು ಬೈಪಾಸಿನ ಯಾವುದೋ ಸೇತುವೆಯ ಮೇಲೆ ಇಳಿಸಿ ಹೋಗುತ್ತಾನೆ. ಅಲ್ಲಿ ನಿಂತರೆ ಯಾವ ಗಾಡಿಯೂ ನಿಲ್ಲಿಸಲಾರದು, ಇಳಿದು ನಡೆಯಲು ದಾರಿಯೂ ಸಿಗದು. ಗೊರಗುಂಟೆಪಾಳ್ಯದ ಕಥೆಯೇ ಮತ್ತೆ, ಈ ಬಾರಿ ಬಿಸಿಲಿನಲ್ಲಿ. ಆ ದಿನ ನನಗೂ ಹಾಗೆಯೇ ಆಯಿತು, ಒಂದು ಗಂಟೆಗೂ ಹೆಚ್ಚು ನಡೆದೆ. ‘ಹೊಸಪೇಟೆ ರಸ್ತೆ ಒಡೆಯುವ ಕಡೆ ಇಳಿಸಿ’ ಎಂದು ಹಿರಿಯೂರು ದಾಟುವಾಗಲೇ ಹೇಳಿಟ್ಟುಕೊಳ್ಳಬೇಕು. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 50 ಕೂಡ್ಲಿಗಿಯ ಮೇಲೆ ಹೊಸಪೇಟೆಗೆ ಹೋಗುತ್ತದೆ. ಆ ಹೆದ್ದಾರಿಯಲ್ಲಿ ಗಾಡಿಗಳು ಕಡಿಮೆ, ಆದರೆ ಬರುವ ಗಾಡಿಗಳೆಲ್ಲ ನಿಮ್ಮ ದಿಕ್ಕಿನವೇ. ಫಲಕವನ್ನು ತಿರುಗಿಸಿ ಹಿಂಬದಿಯಲ್ಲಿ ‘ಹೊಸಪೇಟೆ’ ಎಂದು ಬರೆದುಕೊಂಡಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ನೀವು ಅಲ್ಲಿರುತ್ತೀರಿ. ಹೊಸಪೇಟೆಯಿಂದ ಹಂಪಿ ಹದಿಮೂರು ಕಿಲೋಮೀಟರ್. ಅಷ್ಟಕ್ಕೆ ಯಾರಿಗೂ ಕೈ ತೋರಿಸಬೇಡಿ, ನಿಲ್ದಾಣದಲ್ಲಿ ಬಸ್ಸು ಸಿಗುತ್ತದೆ.